ಎಸರು ಹೊಯ್ದ ಪಿಜ್ಜಾ

ಹೊಸಹಳ್ಳಿ, ಕೂಡ್ಲಿಗಿ ತಾಲೂಕು
೨೩-೨-೨೦೦೪, ಸೋಮವಾರ

ಪ್ರೀತಿಯ ಮಗ ಕನಕರಾಜನಿಗೆ,

ನಿನ್ನ ಅವ್ವ ಮೈಲಮ್ಮ ಮಾಡುವ ಆಶೀರ್ವಾದ. ಮೈಯಲ್ಲಿ ಹುಷಾರಾಗಿದ್ದೀಯಾ? ಕಾರ್ಖಾನೆಯ ಧೂಳಿಗೆ ಕೆಮ್ಮು ಹತ್ತಿತ್ತಲ್ಲ, ಈಗ ಹೇಗಿದೆ? ರಾತ್ರಿ ಪಾಳಿಗೆ ಹೋಗುವಾಗ ಕಿವಿಗೆ ಏನಾದರೂ ಕಟ್ಟಿಕೋ. ಕ್ರಾಪು ಕೆಡುತ್ತದೆಂದು ಬರಿತಲೆಯಲ್ಲಿ ಹೋಗುವ ನಿನ್ನ ಚಟ ನನಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ. ಕುರಿ ಹೊಡೆದುಕೊಂಡು ಹಡಗಲಿ ಕಡೆ ಹೋಗಿದ್ದ ನಿಮ್ಮಪ್ಪ ಮೊನ್ನೆ ಬಂದರು. ಮೊಣಕಾಲು ನೋವೊಂದು ಬಿಟ್ಟರೆ ಗಟ್ಟಿಯಾಗಿದ್ದಾರೆ. ನನ್ನ ಅಂಗನವಾಡಿಯ ಮಕ್ಕಳಿಗೆಲ್ಲ ಶೀತ, ಅವು ನನಗೂ ಒಂದಿಷ್ಟು ಹಂಚಿವೆ. ಫೋನ್ ಬಿಟ್ಟು ಕಾಗದ ಯಾಕೆ ಬರೆಯುತ್ತಿದ್ದೇನೆಂದರೆ, ಫೋನಿನಲ್ಲಿ ನಿನಗೆ ಬೇಡದ ಮಾತು ಬಂದ ಕೂಡಲೇ ಸಾಹೇಬರು ಕರೆಯುತ್ತಾರೆ. ಕಾಗದ ಓದುವಾಗ ಯಾರೂ ಕರೆಯುವುದಿಲ್ಲ.

ಮೊನ್ನೆ ಪಾಲಾಕ್ಷಪ್ಪನ ಬೂತಿಗೆ ಫೋನ್ ಮಾಡಿ ನಿನ್ನ ಹೆಂಡತಿ ಪುಷ್ಪಲತಾಳ ವಿಷಯ ನೀನು ಹೇಳಿದ್ದು ಕೇಳಿದೆ. "ಆಕಿ ಇನ್ನೊಂದು ವರ್ಷ ಅಲ್ಲೇ ಇರ್ಲವ್ವ, ನಾಲ್ಕು ಮಂದಿ ಮುಂದ ಕರ್ಕೊಂಡು ಹೋಗಂಗ ಆಗ್ಲಿ" ಎಂದೆ. ಪಾಲಾಕ್ಷಪ್ಪ ಪಕ್ಕದಲ್ಲೇ ಬೀಡಿ ಕಟ್ಟು ಜೋಡಿಸುತ್ತಿದ್ದ. ಅದಕ್ಕೇ ಬಾಯಿ ಮುಚ್ಚಿಕೊಂಡು "ಹೂಂ" ಎಂದು ಫೋನ್ ಇಟ್ಟೆ. ಮದುವೆಯಾದಾಗ ಕ್ವಾರ್ಟರ್ಸ್ ಸಿಗಲಿ, ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಕ್ವಾರ್ಟರ್ಸ್ ಸಿಕ್ಕಿತು. ಆಮೇಲೆ ಫ್ಯಾನ್ ಬರಲಿ ಎಂದೆ. ಫ್ಯಾನೂ ಬಂತು. ಈಗ ಪಿಜ್ಜಾ ಮಾಡಲು ಬರಲಿ ಎನ್ನುತ್ತಿದ್ದೀಯ. ನೀನು ಇರುವುದು ಅಮೆರಿಕೆಯಲ್ಲಲ್ಲಪ್ಪ, ತೋರಣಗಲ್ಲಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟುವ ಊರಿಗೆ ಹೆಂಡತಿಯನ್ನು ಕರೆದೊಯ್ಯಲು ಇಷ್ಟು ಪರೀಕ್ಷೆ ಇಟ್ಟ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿನ್ನನ್ನು ಹೆತ್ತವಳು ನಾನೇ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಸಾಹೇಬರು ನಮ್ಮ ಮನೆಗೆ ಬಂದ ದಿನದ ಕಥೆ ನಿನಗೆ ಅರ್ಧವೇ ಗೊತ್ತು, ಯಾಕೆಂದರೆ ನೀನು ನಡುಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ನಿನ್ನ ಸಾಹೇಬರು ಶ್ರೀನಾಥರು, ಅವರ ಮನೆಯವರು ಶಾಂತಕುಮಾರಿ, ಇಬ್ಬರೂ ಉಚ್ಚಂಗಿದುರ್ಗದ ಅಮ್ಮನ ದರ್ಶನಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬರುತ್ತಾರೆ ಎಂದೆ. ಬರಲಿ, ಸಂತೋಷ. ಹೋಳಿಗೆ ಮಾಡೋಣ ಎಂದರೆ ಮುಖ ಕಿವುಚಿದೆ. ಯಾವುದೋ ಪತ್ರಿಕೆಯಿಂದ ಹರಿದ 'ಹೊಸದಾಗಿ ಅಡುಗೆ ಕಲಿಯುವವರಿಗೆ' ಎಂಬ ಪಿಜ್ಜಾದ ಹಾಳೆ, ಹೊಸಪೇಟೆಯಿಂದ ತಂದ ಒಂದು ಡಬ್ಬಿ ಚೀಸು, ಹಿಟ್ಟು ಉಬ್ಬಿಸುವ ಒಂದು ಪೊಟ್ಟಣ ಈಸ್ಟು ಪುಷ್ಪಲತಾಳ ಕೈಗೆ ಕೊಟ್ಟು, ಇದು ಚೆನ್ನಾಗಿ ಬಂದರೆ ಯುಗಾದಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಕಾರ್ಖಾನೆ ಕಾಲೋನಿಯ ಹೆಂಗಸರೆಲ್ಲ ಸೇರಿದಾಗ ಇಂಥದ್ದೇ ಮಾಡುತ್ತಾರಂತೆ, ರೊಟ್ಟಿ ಪಲ್ಯ ಒಯ್ದರೆ ಮರ್ಯಾದೆ ಹೋಗುತ್ತದಂತೆ. ರೊಟ್ಟಿ ತಿಂದು ಬೆಳೆದ ಮೈಯನ್ನು ನಾಲ್ಕು ಮಂದಿ ಮುಂದೆ ಹೊತ್ತು ತಿರುಗಲು ಮಾತ್ರ ನಿನಗೆ ನಾಚಿಕೆಯಿಲ್ಲ.

ಅವಳು ಆ ಹಾಳೆಯನ್ನು ಬಾಯಿಪಾಠ ಮಾಡಿದ್ದಳು. ಅದರಲ್ಲಿ ಬೆಚ್ಚಗಿನ ನೀರಿನಲ್ಲಿ ಈಸ್ಟು ಕರಗಿಸಿ ಹಿಟ್ಟು ನಾದಿ ಎಂದು ಬರೆದಿತ್ತು. ನಾವಿಬ್ಬರೂ ಓದಿ ನಕ್ಕೆವು. ಕುದಿಯುವ ಎಸರು ಹಾಕದೆ ಹಿಟ್ಟು ಎಲ್ಲಾದರೂ ಒಂದಾಗುತ್ತದೆಯೇ? ತಣ್ಣೀರಿನಲ್ಲಿ ಕಲೆಸಿದ ಜೋಳದ ಹಿಟ್ಟು ತಟ್ಟುವ ಮೊದಲೇ ಬಿರಿಯುತ್ತದೆ. ಹಿರೇಹಡಗಲಿಯ ಅವಳ ತಾಯಿ ಕಲಿಸಿದ್ದೂ ಅದನ್ನೇ, ನಾನು ಕಲಿತದ್ದೂ ಅದನ್ನೇ. ಪೇಟೆಯವರಿಗೆ ಹಿಟ್ಟಿನ ಗುಣ ಏನು ಗೊತ್ತು ಎಂದುಕೊಂಡು ಎಸರು ಕೊತಕೊತ ಕುದಿಸಿ, ಈಸ್ಟಿನ ಮೇಲೆ ಹೊಯ್ದು, ಮೈದಾ ಹಿಟ್ಟನ್ನು ಹದವಾಗಿ ನಾದಿದಳು. ನಾದಿದ್ದು ನೋಡಿದರೆ ಯಾರೂ ತಪ್ಪು ಹಿಡಿಯುವ ಹಾಗಿರಲಿಲ್ಲ. ಒದ್ದೆ ಬಟ್ಟೆ ಹೊದಿಸಿ ಕಾದೆವು. ಅದು ಉಬ್ಬಲಿಲ್ಲ. ಅಷ್ಟರಲ್ಲಿ ಹೊರಗೆ ಕಾರಿನ ಹಾರನ್ ಕೇಳಿತು. ಅವಳು ಆ ಹಿಟ್ಟಿನ ಮುದ್ದೆಯ ಮುಂದೆ ಕೈ ಮುಗಿದದ್ದನ್ನು ನಾನು ಕಣ್ಣಾರೆ ಕಂಡೆ. ಹಿಟ್ಟಿಗೆ ಕೈ ಮುಗಿಯುವ ಗತಿ ಅವಳಿಗೆ ತಂದವನು ನೀನು.

ಬೆಂದ ಮೇಲೆ ಅದು ಹಲಗೆಯ ಹಾಗಾಗಿತ್ತು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಶಾಂತಕುಮಾರಿ ಒಂದು ತುಂಡು ಕಡಿದು, ಕೆಳಗಿಟ್ಟು, "ಪರವಾಗಿಲ್ಲ ಬಿಡಮ್ಮ, ನಂದೂ ಮೊದಲನೇ ಸಲ ಹಿಂಗೇ ಆಗಿತ್ತು" ಎಂದರು. ಆಮೇಲೆ ಅಡುಗೆಮನೆಗೇ ಬಂದು ಮಣೆ ಹಾಕಿಕೊಂಡು, ಮೊಸರು ಕಲೆಸಿದ ಶೇಂಗಾ ಚಟ್ನಿಯ ಜೊತೆ ರೊಟ್ಟಿ ತಿಂದರು. ಸಾಹೇಬರೂ ರೊಟ್ಟಿಯನ್ನೇ ಕೇಳಿ ಹಾಕಿಸಿಕೊಂಡರು. ನಕ್ಕವನು ನೀನೊಬ್ಬನೇ. "ಏನ್ ಮಾಡೋದು ಸರ್, ನಮ್ಮ ಮಂದಿಗೆ ರೊಟ್ಟಿ ಬಿಟ್ರ ಬ್ಯಾರೇನೂ ಬರಂಗಿಲ್ಲ" ಎಂದೆ. ಅವಳು ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಬಂದವರು ದೊಡ್ಡವರಾಗಿ ನಡೆದುಕೊಂಡರು, ಮನೆಯ ಮಗ ಸಣ್ಣವನಾದ. ನೀನು ಕಾರು ಹತ್ತಿ ಹೋದ ಮೇಲೆ ಅವಳು ಆ ಹಲಗೆಯನ್ನು ಎಮ್ಮೆಗೆ ಹಾಕಿದಳು. ಎಮ್ಮೆ ಮೂಸಿ ನೋಡಿ ಬಿಟ್ಟಿತು. ಆಗಲೂ ಅವಳಿಗೆ ನಗು ಬರಲಿಲ್ಲ.

ಒಂದು ವಾರ ಅವಳು ಸರಿಯಾಗಿ ಅನ್ನ ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಉಳಿದಿದ್ದ ಈಸ್ಟನ್ನು ಎರಡು ಲೋಟಕ್ಕೆ ಹಾಕಿ, ಒಂದಕ್ಕೆ ಎಸರು, ಇನ್ನೊಂದಕ್ಕೆ ಉಗುರು ಬೆಚ್ಚಗಿನ ನೀರು ಹೊಯ್ದು, ಎದುರಿಗೆ ಕೂತಳು. ಎಸರಿನದು ಸತ್ತಂತೆ ಬಿದ್ದಿತ್ತು, ಇನ್ನೊಂದು ನೊರೆ ಎದ್ದು ಲೋಟದ ಅಂಚಿಗೆ ಬಂತು. "ಎಸರು ಹಾಕಿದ್ದ ತಪ್ಪಾಗೈತ್ರಿ ಅತ್ತಿ, ಅದು ಸುಟ್ಟು ಹೋಗೈತಿ" ಎಂದಳು. ಆ ನೊರೆ ಎದ್ದ ನೀರಿನಲ್ಲಿ ಮತ್ತೆ ಹಿಟ್ಟು ನಾದಿ ಮಾಡಿದಳು. ಈ ಸಲ ಹೂವಿನಂತೆ ಅರಳಿತು. ನಾನೂ ತಿಂದೆ ಕನಕಾ. ಟೊಮ್ಯಾಟೊ ಗೊಜ್ಜು ಬಳಿದ ದಪ್ಪ ರೊಟ್ಟಿ, ಮೇಲೊಂದಿಷ್ಟು ಅಂಟು. ಇಷ್ಟೇನೇ? ಇದನ್ನು ತಿನ್ನಲು ಜನ ದುಡ್ಡು ಕೊಟ್ಟು ಸಾಲು ನಿಲ್ಲುತ್ತಾರೆಯೇ? ನಿಮ್ಮಪ್ಪ ಅರ್ಧ ತಿಂದು, "ಕೆಳಗಿನ ರೊಟ್ಟಿ ಚಲೋ ಐತಿ, ಮ್ಯಾಲ ಇದೇನ್ ಬಳದೀರಿ" ಎಂದು ಚೀಸನ್ನು ಕೆರೆದು ನಾಯಿಗೆ ಹಾಕಿದರು. ಇಂಥ ಪದಾರ್ಥಕ್ಕಾಗಿ ನನ್ನ ಸೊಸೆ ಒಂದು ವಾರ ಅನ್ನ ಬಿಟ್ಟಳಲ್ಲ ಎಂದು ನನಗೆ ಮೈ ಉರಿಯಿತು.

ನಿನಗೆ ಬೇಕಾದದ್ದು ಪಿಜ್ಜಾ ತಾನೇ, ನೀನೇ ಮಾಡಿಕೋ. ಒಲೆಯನ್ನೇ ಮುಟ್ಟದವನಿಗೂ ತಿಳಿಯುವಂತೆ ಬರೆಯುತ್ತೇನೆ. ಎಳೆಗೂಸಿಗೆ ಎರೆಯುವಷ್ಟು ಬೆಚ್ಚಗಿನ ನೀರು ತಗೋ, ಚಿಟಿಕೆ ಸಕ್ಕರೆ, ಒಂದು ಚಮಚ ಈಸ್ಟು ಹಾಕು. ನೊರೆ ಬಂದರೆ ಬದುಕಿದೆ ಎಂದರ್ಥ, ಬರದಿದ್ದರೆ ಚೆಲ್ಲು. ಎರಡು ಬಟ್ಟಲು ಮೈದಾಕ್ಕೆ ಉಪ್ಪು, ಎಣ್ಣೆ, ಆ ನೀರು ಸೇರಿಸಿ ರಟ್ಟೆ ನೋಯುವವರೆಗೆ ನಾದು. ನಿನ್ನ ರಟ್ಟೆ ಬೇಗ ನೋಯುತ್ತದೆ, ಆದರೂ ಬಿಡಬೇಡ. ಒದ್ದೆ ಬಟ್ಟೆ ಮುಚ್ಚಿ, ಎರಡರಷ್ಟು ಉಬ್ಬುವವರೆಗೆ ಇಡು. ಮಧ್ಯೆ ಮಧ್ಯೆ ಇಣುಕಬೇಡ. ಟೊಮ್ಯಾಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಗೊಜ್ಜನ್ನು ಗಟ್ಟಿಯಾಗಿ ಬತ್ತಿಸು, ನೀರು ಉಳಿದರೆ ಕೆಳಗಿನದು ಹಸಿಯಾಗುತ್ತದೆ. ಕುಕ್ಕರಿನ ರಬ್ಬರು, ಸೀಟಿ ಎರಡನ್ನೂ ತೆಗೆದು, ತೊಳೆದು ಒಣಗಿಸಿದ ಮರಳನ್ನು ಒಳಗೆ ಹರವಿ ಚೆನ್ನಾಗಿ ಕಾಯಿಸು. ಲಟ್ಟಿಸಿದ ಹಿಟ್ಟನ್ನು ಎಣ್ಣೆ ಸವರಿದ ತಟ್ಟೆಯಲ್ಲಿಟ್ಟು, ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿ, ಗೊಜ್ಜು, ಈರುಳ್ಳಿ, ದೊಣ್ಣೆಮೆಣಸಿನಕಾಯಿ, ತುರಿದ ಚೀಸು ಹಾಕಿ, ತಟ್ಟೆಯನ್ನು ಕುಕ್ಕರಿನೊಳಗಿಟ್ಟು ಮುಚ್ಚಳ ಮುಚ್ಚು. ಕೆಳಗೆ ಕೆಂಪಾಗಿ ಮೇಲೆ ಕರಗಿದಾಗ ಇಳಿಸು. ಇಷ್ಟೂ ಮಾಡಿ ಮೊದಲ ಸಲವೇ ಸರಿಯಾಗಿ ಬಂದರೆ ನನಗೆ ತಿಳಿಸು. ಬರದಿದ್ದರೆ ನೀನೇ ನಿನ್ನನ್ನು ನೋಡಿ ನಕ್ಕುಕೋ, ಬೇರೆಯವರಿಗೆ ಆ ತೊಂದರೆ ಕೊಡಬೇಡ.

ಶ್ರೀನಾಥರಿಗೂ ಶಾಂತಕುಮಾರಿಯವರಿಗೂ ನನ್ನ ನಮಸ್ಕಾರ ತಿಳಿಸು. ನಿಮ್ಮಪ್ಪ ನಿನ್ನನ್ನು ಕೇಳಿದರು ಎಂದು ಬರೆಯಲು ಹೇಳಿದ್ದಾರೆ. ಮೈಲಾರಲಿಂಗಪ್ಪ ನಿನಗೆ ಆಯುಷ್ಯ ಕೊಡಲಿ, ಅದರ ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತು ನಿನ್ನ ತಾಯಿ,
ಮೈಲಮ್ಮ

ಮರೆತ ಮಾತು: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀನು ಫೋನಿನಲ್ಲಿ ಹೇಳಿದ್ದನ್ನು ಪುಷ್ಪಲತಾಳಿಗೆ ಹೇಳಿಲ್ಲ. ನಾನು ಬೂತಿನಿಂದ ಬರುವುದನ್ನೇ ಕಾಯುತ್ತ ಹೊಸ್ತಿಲಲ್ಲಿ ನಿಂತಿದ್ದಳು. "ಏನಂದ್ರು ಅತ್ತಿ?" ಎಂದಳು. ಅವಳ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. "ಬರೋ ಐತವಾರ ಕರ್ಕೊಂಡು ಬಾ ಅಂದಾನ" ಎಂದುಬಿಟ್ಟೆ. ಅವಳು ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಟ್ರಂಕು ಕೆಳಗಿಳಿಸಿ ಒರೆಸಿದಳು. ಓಣಿಯವರಿಗೆಲ್ಲ ಹೇಳಿ ಆಗಿದೆ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ, ಮಧ್ಯಾಹ್ನ ತೋರಣಗಲ್ಲಿನಲ್ಲಿ ಇಳಿಯುತ್ತೇವೆ. ನನಗೆ ಏನು ಬೈಯಬೇಕೋ ಆಮೇಲೆ ಬೈಯಿ. ಬಸ್ಸು ಬರುವ ಮೊದಲೇ ಸ್ಟ್ಯಾಂಡಿಗೆ ಬಂದು, ನೀನೇ ಕರೆಸಿಕೊಂಡವನ ಹಾಗೆ ನಿಂತಿರು.