ಕುಳಿಯಿಲ್ಲದ ಅಂಗುಸ್ತಾನ

ಫೆಬ್ರವರಿ 11, ಭಾನುವಾರ

ಮತ್ತೆ ಬುಲ್ಮರ್ ಹೊಲ, ಮೆಟಲ್ ಡಿಟೆಕ್ಟರ್ ಹಿಡಿದು. ಎಂಟರಿಂದ ಒಂದರವರೆಗೆ. ಸೊಂಟ ಬಿದ್ದುಹೋಯಿತು. ಸಿಕ್ಕಿದ್ದು — ಕೋಟಿನ ಗುಂಡಿ ಮೂರು, ಸೀಸದ ಚೂರು, ಬಿಯರ್ ಡಬ್ಬಿಯ ಕಿವಿ ಹನ್ನೊಂದು. ನಟ್ಟನಡು ಹೊಲದಲ್ಲಿ ನಿಂತು ಯಾರು ಕುಡಿಯುತ್ತಾರೋ!

ಹೊರಡುವ ಹೊತ್ತಿಗೆ, ಬೇಲಿ ಹತ್ತಿ ದಾಟುವ ಹಳೆಯ ತಡಮೆ ಇದ್ದ ಮೂಲೆಯಲ್ಲಿ ಒಳ್ಳೆಯ ಸಿಗ್ನಲ್. ಬೇಲಿಯೂ ಇಲ್ಲ, ತಡಮೆಯೂ ಇಲ್ಲ ಈಗ, ಬುಲ್ಮರ್ ಎಲ್ಲ ಕಿತ್ತು ಉತ್ತಿದ್ದಾನೆ. ಒಂದು ಗೇಣು ಆಳ. ಹಿತ್ತಾಳೆ. ಪುಟಾಣಿ ಲೋಟದ ಆಕಾರ. ಬೆರಳ ತುದಿಗೆ ಸಿಕ್ಕಿಸಿದರೆ ಕೂರುತ್ತದೆ. ದರ್ಜಿಯ ಅಂಗುಸ್ತಾನ ಎನ್ನೋಣವೆಂದರೆ ಮೈಮೇಲೆ ಒಂದೂ ಕುಳಿಯಿಲ್ಲ, ಸೂಜಿ ಜಾರುತ್ತದೆ. ಒಳಗೆ ಮಣ್ಣು ಕಲ್ಲಾಗಿತ್ತು. ಹೇರ್‌ಪಿನ್ನಿನಿಂದ ಕೆದಕಿದೆ. ಒಂದು ಕಪ್ಪು ಬೇರು ಬಂತು. ಎಲ್ಲವನ್ನೂ ಕಿಟಕಿಯ ಜೆರೇನಿಯಂ ಕುಂಡಕ್ಕೆ ಸುರಿದೆ.

'ಗೊತ್ತಿಲ್ಲದ್ದು' ಡಬ್ಬಿಯಲ್ಲಿ ಇಟ್ಟೆ. ನಲವತ್ತೊಂದನೆಯದು.

ಫೆಬ್ರವರಿ 13, ಮಂಗಳವಾರ

ಡಿಟೆಕ್ಟರಿನವರ ಕ್ಲಬ್. ಮೇಜಿನ ಮೇಲಿಟ್ಟೆ, ಎಲ್ಲರೂ ಮುತ್ತಿದರು. ನಾರ್ಮನ್ ಮುಟ್ಟುವ ಮೊದಲೇ ತೀರ್ಪು ಕೊಟ್ಟ.

"ರೋಮನ್ನರದ್ದು ಕಣಮ್ಮ. ಕಣ್ಣು ಮುಚ್ಚಿ ಹೇಳ್ತೀನಿ."

"ಕಣ್ಣು ಬಿಟ್ಟೇ ಹೇಳಪ್ಪ. ಹೋದ ತಿಂಗಳು ಟ್ರ್ಯಾಕ್ಟರಿನ ಮುಚ್ಚಳಾನೂ ರೋಮನ್ನರದ್ದು ಅಂದಿದ್ದೆ."

ಎಲ್ಲರೂ ನಕ್ಕರು. ಅವನೂ ನಕ್ಕ, ಪಾಪ. ಬಹುಮತ: ಊರುಗೋಲಿನ ತುದಿ. ನನಗೆ ಒಪ್ಪಿಗೆಯಿಲ್ಲ. ನೆಲಕ್ಕೆ ತಾಗಿ ಸವೆದ ಗುರುತಿಲ್ಲ.

ಫೆಬ್ರವರಿ 22, ಗುರುವಾರ

ಬಸ್ಸಿನಲ್ಲಿ ಮ್ಯೂಸಿಯಂಗೆ. ನಮ್ಮಂಥವರು ಹೆಕ್ಕಿದ್ದನ್ನು ದಾಖಲಿಸುವ ರೊವೀನಾ ಭೂತಗನ್ನಡಿ ಹಿಡಿದು ನೋಡಿದಳು. ತಳದಲ್ಲಿ 3 ಎಂಬ ಅಂಕಿ.

"ನೂರು ವರ್ಷವೂ ಆಗಿಲ್ಲ. ಒಳಗಿನ ಮಣ್ಣೆಲ್ಲಿ ಅವ್ರಿಲ್?"

"ಕೆದಕಿ ತೊಳೆದೆ."

"ಅಯ್ಯೋ! ಅರ್ಧ ಉತ್ತರ ಮಣ್ಣಲ್ಲೇ ಇರುತ್ತೆ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ?"

ಇಪ್ಪತ್ತು ವರ್ಷದಿಂದ ಹೊಸಬರಿಗೆಲ್ಲ ನಾನೇ ಹೇಳುವ ಮಾತು. ಮುಖ ಬಿಸಿಯಾಯಿತು.

ಸಂಜೆ ಥೆಲ್ಮಾ ಚಹಾಕ್ಕೆ ಬಂದಳು. ಒಡಹುಟ್ಟಿದ ಅಕ್ಕ, ಎಪ್ಪತ್ತಾರು ಈಗ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. "ಏನೇ, ಇವತ್ತೂ ತಗಡು ಹೆಕ್ಕಿದ್ಯಾ? ಗುಜರಿ ಅಂಗಡಿ ತೆಗೆದುಬಿಡು." ದಾರಿಯಲ್ಲಿ ಲೆಸ್ ಆರ್ಕ್ಲೆಸ್ ಎದುರಾದನಂತೆ. ಎಂದಿನಂತೆ ರಸ್ತೆ ದಾಟಿ ಆಚೆ ಬದಿಗೆ ಹೋದಳಂತೆ. ಅರುವತ್ತು ವರ್ಷ ಆಗುತ್ತ ಬಂತು. ಇನ್ನೂ ದಾಟುತ್ತಾಳೆ.

ಮಾರ್ಚ್ 2, ಶನಿವಾರ

ಇದನ್ನು ಬರೆಯುವ ಮನಸ್ಸಿಲ್ಲ. ಆದರೂ ಬರೆಯಬೇಕು.

ಲೀಕ್ ಈರುಳ್ಳಿ ತರಲು ಲೆಸ್‌ನ ತೋಟಕ್ಕೆ ಹೋಗಿದ್ದೆ. ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ. ಸುಮ್ಮನೆ ತಮಾಷೆಗೆ ಜೇಬಿನಿಂದ ತೆಗೆದು ತೋರಿಸಿದೆ. ಕಾಳಿನ ಡಬ್ಬಿ ಹಾಗೇ ಕೆಳಗಿಟ್ಟ.

"ಇದು ಥಿಂಬಲ್ ಕಣೆ."

"ಹೊಲಿಗೆಯ ಅಂಗುಸ್ತಾನ ಅಲ್ಲ ಬಿಡು. ಕುಳಿ ಇಲ್ಲ."

"ಹೊಲಿಗೆಯದು ಅಂದವರು ಯಾರು? ಪಾರಿವಾಳದ್ದು. ಪಂದ್ಯದ ಹಕ್ಕಿ ಕಾಲಿಗೆ ರಬ್ಬರ್ ಉಂಗುರ ಹಾಕಿರ್ತಾರಲ್ಲ, ಹಕ್ಕಿ ಮನೆಗೆ ಬಂದ ಕೂಡಲೇ ಅದನ್ನ ಬಿಚ್ಚಿ ಇದರೊಳಗೆ ತುರುಕಿ ಗಡಿಯಾರದ ತೂತಿಗೆ ಹಾಕ್ಬೇಕು. ಆಗಲೇ ಟೈಮ್ ಬೀಳೋದು. ಗಡಿಯಾರ ಇಲ್ಲದವರು ಪಾರಿವಾಳದ ಕ್ಲಬ್ಬಿಗೆ ಓಡ್ಬೇಕಿತ್ತು. ಮೂರನೇ ನಂಬರ್... ನಿಮ್ಮಪ್ಪಂದು. ಎಲ್ಲಿ ಸಿಕ್ತು?"

"ಬುಲ್ಮರ್ ಹೊಲ. ತಡಮೆ ಇದ್ದ ಮೂಲೆ."

ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತುಬಿಟ್ಟ. "ಹಾಗಾದ್ರೆ ಥೆಲ್ಮಾ ಹೇಳಿದ್ದು ನಿಜ." ಆಮೇಲೆ ನೆಲ ನೋಡುತ್ತ, "ನನ್ನ ಜೊತೆ ಯಾಕೆ ಮಾತು ಬಿಟ್ಟಳು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ ಅವ್ರಿಲ್."

ಲೀಕ್ ಅಲ್ಲೇ ಮರೆತು ಬಂದೆ. ಜೆರೇನಿಯಂ ಕುಂಡ ಮಗುಚಿ ಮಣ್ಣು ಜರಡಿ ಹಿಡಿದೆ. ಬೇರಲ್ಲ ಅದು. ಮಡಿಸಿದ ರಬ್ಬರ್ ಉಂಗುರ. ಬಿಸಿನೀರಲ್ಲಿ ನೆನೆಸಿದೆ. ನಾಲ್ಕು ಅಂಕಿ. 7116.

ಬರೆದೇ ಬಿಡುತ್ತೇನೆ. 1964ರ ಬೇಸಿಗೆ. ಥೆಲ್ಮಾಗೆ ಹದಿನಾರು, ನನಗೆ ಒಂಬತ್ತು. ನಮ್ಮ ಬೂದು ಹೆಣ್ಣು ಹಕ್ಕಿ ಎಲ್ಲರಿಗಿಂತ ಮೊದಲು ಬಂತು. ಥೆಲ್ಮಾ ಥಿಂಬಲ್ ಹಿಡಿದು ಕ್ಲಬ್ಬಿಗೆ ಓಡಿದಳು. ಬರಿಗೈಲಿ ಬಂದಳು. ತಡಮೆ ಇಳಿಯುವಾಗ ಬಿತ್ತು ಅಂದಳು. ಕತ್ತಲಾಗುವವರೆಗೆ ಹುಲ್ಲಲ್ಲಿ ಹುಡುಕಿದಳು. ಪಂದ್ಯದ ಕಪ್ ಗೆದ್ದದ್ದು ಲೆಸ್‌ನ ಅಪ್ಪನ ಹಕ್ಕಿ. ಲೆಸ್‌ಗೂ ಥೆಲ್ಮಾಗೂ ಇಷ್ಟ ಎಂದು ನನಗೆ ಗೊತ್ತಿತ್ತು. ಆ ವಾರ ನನ್ನನ್ನು ಬಿಟ್ಟು ಅವನ ಜೊತೆ ಸಿನಿಮಾಕ್ಕೆ ಹೋಗಿದ್ದಳು. ಹೊಟ್ಟೆ ಉರಿದುಹೋಗಿತ್ತು. ಅಪ್ಪನಿಗೆ ಹೇಳಿದೆ: ಥೆಲ್ಮಾ ತಡಮೆ ಹತ್ತಿರ ಲೆಸ್ ಕೈಗೆ ಏನೋ ಕೊಟ್ಟಳು, ನಾನು ನೋಡಿದೆ.

ನಾನು ಏನೂ ನೋಡಿರಲಿಲ್ಲ.

ಅಪ್ಪ ಅವಳನ್ನು ದೂರದ ಹಲ್ ನಗರದ ಅತ್ತೆಯ ಮನೆಗೆ ಅಟ್ಟಿದ. ಸಾಯುವವರೆಗೂ 'ಕಳ್ಳಿ' ಎಂದೇ ಕರೆದ. ಕಾಲ ಕಳೆದಂತೆ ನನ್ನ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ. ಕೊಟ್ಟೇ ಇರುತ್ತಾಳೆ, ನಾನು ಹೇಳಿದ್ದು ಹೆಚ್ಚುಕಡಿಮೆ ನಿಜವೇ... ಹೀಗೇ ಎಷ್ಟೋ ವರ್ಷ.

ನಾಳೆಯೇ ಹೇಳುತ್ತೇನೆ.

ಮಾರ್ಚ್ 17, ಭಾನುವಾರ

ಹದಿನೈದು ದಿನ ನೆಗಡಿ ಎಂದು ಥೆಲ್ಮಾಳನ್ನು ಬರಗೊಡಲಿಲ್ಲ. ನೆಗಡಿಯೂ ಇಲ್ಲ, ಮಣ್ಣೂ ಇಲ್ಲ. ಡಿಟೆಕ್ಟರ್ ಸಹ ಮುಟ್ಟಿಲ್ಲ.

ಇವತ್ತು ಅವಳೇ ಬಂದಳು, ಕೈಯಲ್ಲಿ ಸೂಪು. ಥಿಂಬಲ್ ಮೇಜಿನ ಮೇಲಿಟ್ಟೆ. ಏನು ಎಂದು ಹೇಳಲಿಲ್ಲ. ಹೇಳಬೇಕಾಗಿ ಬರಲೂ ಇಲ್ಲ. ಕನ್ನಡಕ ತೆಗೆದಳು, ಹಾಕಿಕೊಂಡಳು.

"ಒಳಗೆ ಉಂಗುರ ಇತ್ತಾ?"

"ಇತ್ತು."

"ಏಳು, ಒಂದು, ಒಂದು, ಆರು."

ಉಂಗುರವನ್ನು ಅವಳ ಅಂಗೈಗೆ ಹಾಕಿದೆ. ಓದಿದಳು. ಬಿಕ್ಕಿ ಬಿಕ್ಕಿ ಅತ್ತಳು, ಮತ್ತೆ ನಕ್ಕಳು. "ದಿನಾ ಮಲಗೋ ಮುಂಚೆ ಹೇಳ್ಕೊಳ್ತಿದ್ದೆ ಕಣೇ, ಮರೀಬಾರ್ದು ಅಂತ. ಎಂದಾದ್ರೂ ಸಿಕ್ರೆ ಗುರುತು ಹೇಳೋಕೆ ಆಗ್ಬೇಕಲ್ಲ. ಅಪ್ಪ ಇರ್ಬೇಕಿತ್ತು." ನನ್ನ ಕೆನ್ನೆ ಸವರಿದಳು. "ಎಲ್ಲಾ ನಿನ್ನಿಂದ ಆಯ್ತು ನೋಡು. ಇನ್ಮೇಲೆ ತಗಡು ಅನ್ನಲ್ಲ."

ಎಲ್ಲಾ ನನ್ನಿಂದಲೇ ಆಯ್ತು.

ಆಮೇಲೆ ಅಂದಳು, "ಅಪ್ಪನ ಮೇಲೆ ನಂಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಲೆಸ್ ಮೇಲೆ. ಗೆದ್ದ ಸೊಕ್ಕಿಗೆ, 'ನನಗೋಸ್ಕರ ಕೊಟ್ಟಳು' ಅಂತ ಜಂಬ ಕೊಚ್ಚಿರ್ತಾನೆ. ಇಲ್ದಿದ್ರೆ ಅಪ್ಪನ ಕಿವೀಲಿ ಅಂಥ ಮಾತು ಹಾಕೋರು ಯಾರಿದ್ರು, ಹೇಳು?"

ಬಾಯಿ ತೆರೆದೆ.

"ಚಹಾಕ್ಕೆ ಸಕ್ಕರೆ ಸಾಕಾ?" ಅಂದೆ.

ಮಾರ್ಚ್ 18, ಸೋಮವಾರ. ಬೆಳಗ್ಗೆ 8.40

ನಿದ್ದೆ ಇಲ್ಲ. ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಮೊದಲು ಥೆಲ್ಮಾ ಮನೆ. ಆಮೇಲೆ ಲೆಸ್. ಚಹಾ ಬೇಡ, ಕೂರುವುದೂ ಬೇಡ, ಬಾಗಿಲಲ್ಲೇ ಹೇಳಿಬಿಡಬೇಕು. ಹೀಗೆ —

ಥೆಲ್ಮಾ, ಅಪ್ಪನಿಗೆ ಹೇಳಿದ್ದು ಲೆಸ್ ಅಲ್ಲ, ನಾನು. ಆಗ ನನಗೆ ಒಂಬತ್ತು ವರ್ಷ —

ಬೇಡ. ಒಂಬತ್ತು ವರ್ಷ ಎನ್ನಬಾರದು. ಅದನ್ನು ಅವಳು ಬೇಕಾದರೆ ಹೇಳಲಿ.

ಥೆಲ್ಮಾ, ಅಪ್ಪನಿಗೆ ಹೇಳಿದ್ದು ನಾ —

ಉಳಿದದ್ದನ್ನು ಅವಳ ಬಾಗಿಲಲ್ಲೇ ಹೇಳುತ್ತೇನೆ, ಹೊರಟೆ.