ಅಮ್ಮನಿಗೆ ಕೇಳಿಸಿತಾ?

ಭಾನುವಾರ, ಮಾರ್ಚ್ ೧೪

ಪ್ರೀತಿಯ ಬಜಾರಿ,

ನಾನು ಕ್ಷೇಮ. ನೀನು ಕ್ಷೇಮವಾಗಿಲ್ಲ ಎಂದು ಗೊತ್ತಿದ್ದೂ "ನೀನೂ ಕ್ಷೇಮವೆಂದು ನಂಬಿದ್ದೇನೆ" ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರಿಸದೆ ಕೂತದ್ದಕ್ಕೆ ಬೈದುಕೋ, ಅದು ನಿನಗೆ ಚೆನ್ನಾಗಿ ಬರುತ್ತದೆ. ಫೋನಿನಲ್ಲೂ ಸೆಕೆ, ಸೊಳ್ಳೆ ಎಂದು ಏನೇನೋ ಮಾತಾಡಿ ಜಾರಿಕೊಂಡೆ. ಮೊನ್ನೆ ನಿನ್ನ ಗಂಡ ಪ್ರಯೋಗಾಲಯಕ್ಕೇ ಫೋನ್ ಮಾಡಿದ್ದ. "ಮಾವ, ಅವಳು ಸರಿಯಾಗಿ ಊಟ ಮಾಡ್ತಿಲ್ಲ, ಕೂತಲ್ಲೇ ಕೂತಿರ್ತಾಳೆ. ಏನಾದ್ರೂ ಒಂದು ಹೇಳಿಬಿಡಿ, ಸುಳ್ಳಾದ್ರೂ ಪರವಾಗಿಲ್ಲ" ಎಂದ. ಪಾಪ, ಒಳ್ಳೆಯವನು. ಆದರೆ ನಿನಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರಿದ್ದಾರೆ?

ಮನೆಯ ಸುದ್ದಿ ಅಂಥದ್ದೇನಿಲ್ಲ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಲೇ ಇದೆ, ಪ್ಲಂಬರ್ "ನಾಳೆ ಬಂದೆ ಸಾರ್" ಎನ್ನುತ್ತಲೇ ಇದ್ದಾನೆ. ಅನ್ನ ಮಾಡುವುದನ್ನು ಕಲಿತಿದ್ದೇನೆ. ಅಮ್ಮನ ಕನ್ನಡಕ ಫ್ರಿಜ್ಜಿನ ಮೇಲೆ ಅವಳು ಇಟ್ಟಲ್ಲೇ ಇದೆ. ಒರೆಸುವಾಗ ಎತ್ತುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ.

ಸರಿ, ಸುತ್ತಿ ಬಳಸಿದ್ದು ಸಾಕು. ನಿನ್ನ ಪ್ರಶ್ನೆಗೆ ಬರುತ್ತೇನೆ.

ಅಮ್ಮನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಅವಳನ್ನು ಮಗ್ಗುಲು ಬದಲಿಸಿ, ಮೈ ಒರೆಸಿ, ನಳಿಗೆಯಲ್ಲಿ ಊಟ ಕೊಟ್ಟು ನೋಡಿಕೊಂಡವಳು ನೀನು. ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು "ಹೋಗ್ಬಿಟ್ರಮ್ಮ" ಎಂದು ಹೇಳಿ ಹೊರಟಾಗ, ಹಾಸಿಗೆಯ ಪಕ್ಕ ನಿಂತು "ಅಬ್ಬಾ, ಸದ್ಯ ಮುಗೀತು. ನನ್ ಕೈಲಿ ಇನ್ನು ಆಗ್ತಿರ್ಲಿಲ್ಲ" ಎಂದೆಯಂತೆ. ಅದನ್ನು ನೀನು ಮರೆತೂ ಇದ್ದೆ. ಆಮೇಲೆ ನಿನ್ನ ಅಪ್ಪನೆಂಬ ಮಹಾಶಯ ರೇಡಿಯೋದಲ್ಲಿ ಭಾಷಣ ಬಿಗಿದ: "ಹೋದರು ಎಂದು ನಾವು ಹೇಳಿದ ಮೇಲೂ ಅವರು ಸ್ವಲ್ಪ ಹೊತ್ತು ಇಲ್ಲೇ ಇರುತ್ತಾರೆ. ಹಾಸಿಗೆಯ ಪಕ್ಕ ನಿಂತು ಆಡುವ ಮಾತನ್ನು ನೋಡಿಕೊಂಡು ಆಡಿ." ಅದನ್ನು ಕೇಳಿ ನೀನು ಬರೆದೆ: "ಅಪ್ಪಾ, ಹಾಗಾದ್ರೆ ನಾನಂದಿದ್ದು ಅಮ್ಮನಿಗೆ ಕೇಳಿಸಿತಾ?"

ಪತ್ರ ಓದಿ ಮಡಿಸಿಟ್ಟೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಏಕೆಂದರೆ ನನ್ನ ಬದುಕೆಲ್ಲ ನಿಂತದ್ದು ಹೌದು ಎನ್ನುವುದರ ಮೇಲೆ.

ನನ್ನ ಕೆಲಸ ನಿನಗೆ ಗೊತ್ತು. ಮುಂದೆ ಏನು ಬೇಕಾದರೂ ಆಗಬಲ್ಲ ಕಾಂಡಕೋಶಗಳನ್ನು ಪುಸಲಾಯಿಸಿ ನರಕೋಶ ಮಾಡುತ್ತೇವೆ. ಬಟ್ಟಲಿನಲ್ಲಿ ಅವು ಒಂದಕ್ಕೊಂದು ವಿದ್ಯುತ್ತಿನ ಮಿಡಿತದಲ್ಲಿ ಮಾತಾಡುತ್ತವೆ. ಪೋಷಕದ್ರವ ನಿಲ್ಲಿಸಿದರೆ ಸಾಯುತ್ತವೆ. ಆದರೆ ಸಾಯುವ ಮುಂಚೆ ಎಲ್ಲವೂ ಒಮ್ಮೆಲೇ ಜೋರಾಗಿ ಮಿಡಿಯುವುದನ್ನು ನಾನು ಕಂಡೆ, ಮತ್ತೆ ಮತ್ತೆ ಕಂಡೆ. ಅದರ ಮೇಲೆ ಸಿದ್ಧಾಂತ ಕಟ್ಟಿದೆ. ಅರಿವೆನ್ನುವುದು ಗಕ್ಕನೆ ಆರಿಹೋಗುವುದಿಲ್ಲ, ಹೊರಟ ನೆಂಟರು ಹೊಸಿಲಲ್ಲಿ ನಿಂತು ಇನ್ನಷ್ಟು ಹೊತ್ತು ಮಾತಾಡುವ ಹಾಗೆ ತಡೆದು ತಡೆದು ಹೋಗುತ್ತದೆ ಎಂದೆ. ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಬಂತು, ಪುಸ್ತಕ ಬಂತು, ಶಾಲು ಹೊದಿಸಿದರು, ನಾನೂ ಉಬ್ಬಿದೆ.

ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳೆಂದು ನೀನು 'ಕೊಕ್ಕೆ ಮೇಡಂ' ಎಂದು ಹೆಸರಿಟ್ಟ ನನ್ನ ಸಹೋದ್ಯೋಗಿ ಮಾತ್ರ ಒಪ್ಪಿರಲಿಲ್ಲ. "ಸಾರ್, ಕೊನೇ ಹೊತ್ತಲ್ಲಿ ನೀವು ಬಟ್ಟಲನ್ನ ಕಾವುಪೆಟ್ಟಿಗೆಯಿಂದ ಹೊರಗೆ ತೆಗೆದು ನೋಡ್ತೀರಲ್ಲ, ಅದೇ ಎಡವಟ್ಟು ಅನ್ಸುತ್ತೆ. ಒಳಗೆ ಬೆಚ್ಚಗಿರ್ತವೆ. ಹೊಟ್ಟೆ ತುಂಬಿದವು ಹೊರಗಿನ ಥಂಡಿ ತಡ್ಕೊಳ್ತವೆ, ಹಸಿದವು ಬೆದರಿ ಮಿಡಿಯುತ್ತವೆ. ಬಾಗಿಲು ಮುಚ್ಚೇ ಇಟ್ಟು ಅಳೆಯೋಣ" ಎನ್ನುತ್ತಿದ್ದಳು. ನಾನು ರೇಗುತ್ತಿದ್ದೆ. ಸಾಯುವವರನ್ನು ಮುಚ್ಚಿದ ಬಾಗಿಲ ಹಿಂದೆ ಒಂಟಿಯಾಗಿ ಬಿಡಬಾರದು ಎಂದು ತಮಾಷೆ ಮಾಡಿ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಪೂರ್ತಿ ತಮಾಷೆಯೂ ಅಲ್ಲ. ಕಣ್ಣೆದುರು ಇಟ್ಟುಕೊಂಡು ಕಳಿಸಿಕೊಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ನಿನ್ನ ಪತ್ರ ಬಂದ ಮೇಲೆ ನಾನೇ ಅವಳ ಕೋಣೆಗೆ ಹೋಗಿ "ನಡಿಯಮ್ಮ, ನೀನು ಹೇಳಿದ ಹಾಗೇ ಮಾಡೋಣ" ಎಂದೆ. ಅವಳು ಕುರ್ಚಿಯಿಂದ ಬೀಳುವುದೊಂದು ಬಾಕಿ. ಒಳಗೇ ಅಳೆಯುವ ತಂತಿಗಳನ್ನು ಜೋಡಿಸಿ, ದ್ರವ ನಿಲ್ಲಿಸಿ, ಬಾಗಿಲು ಮುಚ್ಚಿದೆವು. ಪಕ್ಕದ ಪರದೆಯಲ್ಲಿ ಗೆರೆ ನೋಡುತ್ತ ಕೂತೆವು. ಮಿಡಿತ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ಕೊನೆಯ ಮಾತು ಇರಲಿಲ್ಲ. ನಾನು ನಂಬಲಿಲ್ಲ, ಬೇರೆ ಬಟ್ಟಲು ಇಟ್ಟೆವು, ಮತ್ತೆ ಬೇರೆ ಇಟ್ಟೆವು. ಎಲ್ಲವೂ ಅಷ್ಟೇ, ತಣ್ಣಗೆ ನಿಂತುಹೋದವು. ಇಷ್ಟು ವರ್ಷ ನಾನು ಕೇಳಿಸಿಕೊಂಡದ್ದು ಚಳಿಗೆ ನಡುಗುವ ಸದ್ದನ್ನು. ಕೊಕ್ಕೆ ಮೇಡಂ ಗೆದ್ದೆ ಎನ್ನಲಿಲ್ಲ. "ಕಾಫಿ ತರಿಸ್ಲಾ ಸಾರ್?" ಎಂದಳು, ಅದೇ ಹೆಚ್ಚು ಚುಚ್ಚಿತು.

ಬಟ್ಟಲಿನ ಕೋಶಗಳಿಗೂ ನಿನ್ನ ಅಮ್ಮನಿಗೂ ಅಜಗಜಾಂತರ ಎಂದು ನೀನು ಜಗಳಕ್ಕೆ ಬರುತ್ತೀಯ. ನಿಜ. ಅದಕ್ಕೇ ಅಮ್ಮನನ್ನು ನೋಡಿದ ಡಾಕ್ಟರನ್ನೂ ಹೋಗಿ ಕಂಡೆ. ಅಮ್ಮ ಹೋಗುವ ಹಿಂದಿನ ಸಂಜೆಯೇ ಅವರು ವರಾಂಡದಲ್ಲಿ ನನಗೆ ಹೇಳಿದ್ದರು: "ಮೆದುಳಲ್ಲಿ ಏನೂ ಉಳಿದಿಲ್ಲ ಸಾರ್. ಉಸಿರಾಡ್ತಿರೋದು ಮಷೀನು." ನಾನು ಅವರಿಗೇ ಪಾಠ ಹೇಳಿ ಕಳಿಸಿದ್ದೆ, ನಿನಗೆ ತಿಳಿಸಲೂ ಇಲ್ಲ. ಈ ಸಲ ಆ ಸಂಜೆಯ ಮೆದುಳಿನ ಪರೀಕ್ಷೆಗಳನ್ನೆಲ್ಲ ಎದುರಿಗಿಟ್ಟುಕೊಂಡು ವಿವರಿಸಿದರು. ಅವರು ಹೇಳಿದ್ದರಲ್ಲಿ ಕೊಕ್ಕೆ ಹಾಕಲು ಏನೂ ಸಿಗಲಿಲ್ಲ.

ಆದ್ದರಿಂದ ಬಜಾರಿ, ಕೇಳು. ಅಮ್ಮನಿಗೆ ಕೇಳಿಸಲಿಲ್ಲ. ಅಳಿಯ ಕೇಳಿಕೊಂಡನೆಂದು ಹೇಳುತ್ತಿರುವ ಸುಳ್ಳಲ್ಲ ಇದು. ನೀನು ಆ ಮಾತಾಡುವಷ್ಟರಲ್ಲಿ ಅವಳು ಹೋಗಿ ರಾತ್ರಿಯೆಲ್ಲ ಕಳೆದಿತ್ತು. ಅವಳು ಕೊನೆಗೆ ಅರಿತದ್ದೇನಾದರೂ ಇದ್ದರೆ ಅದು ನಿನ್ನ ಕೈ, ಬೆಚ್ಚಗಿನ ಒದ್ದೆ ಬಟ್ಟೆ. ಮತ್ತೆ, ನೀನು ಅಂದದ್ದರಲ್ಲಿ ತಪ್ಪೂ ಇಲ್ಲ. ಅಷ್ಟು ದುಡಿದವಳಿಗೆ ಅಷ್ಟೂ ಅನ್ನುವ ಹಕ್ಕಿಲ್ಲವೇ?

ನನ್ನ ಪ್ರಬಂಧ ಹಿಂದಕ್ಕೆ ಪಡೆಯುತ್ತೇನೆಂದು ನಿನ್ನೆ ಆ ಪತ್ರಿಕೆಗೆ ಬರೆದು ಕಳಿಸಿದೆ. ರೇಡಿಯೋದವರಿಗೂ ಹೇಳಿದ್ದೇನೆ. ಇನ್ನು ಮೇಲೆ ನನ್ನನ್ನು ಕಂಡರೆ ಕೆಲವರು ನಗಬಹುದು, ನಗಲಿ. ನೀನು ಚಿಂತೆ ಮಾಡಬೇಡ, ನನಗೆ ಅನ್ನ ಮಾಡಲು ಬರುತ್ತದಲ್ಲ.

ನಿನ್ನ ತಟ್ಟೆ ಖಾಲಿಯಾಗಲಿ, ಕಣ್ಣಿಗೆ ನಿದ್ದೆ ಹತ್ತಲಿ, ಮೊದಲಿನ ಹಾಗೆ ಗಂಡನ ಮೇಲೆ ರೇಗಾಡುವ ಶಕ್ತಿ ಬರಲಿ. ಅವನಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ
ಅಪ್ಪ

ಮರೆತಿದ್ದೆ: ಆ ಬೆಳಿಗ್ಗೆ ನಾನೆಲ್ಲಿದ್ದೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಪ್ರಯೋಗಾಲಯದಲ್ಲಿದ್ದೆ, ಕೋಶಗಳಿಗೆ ದ್ರವ ಬದಲಿಸುತ್ತಿದ್ದೆ. ನಾನು ಎಷ್ಟು ಹೊತ್ತಿಗೆ ಮನೆಗೆ ಬಂದರೂ ಅಮ್ಮ "ನಿಮ್ಮ ಬಟ್ಟಲಿನವರ ಊಟ ಆಯ್ತಾ? ಹಾಗಾದ್ರೆ ನಾವೂ ಉಣ್ಣೋಣ ಬನ್ನಿ" ಎನ್ನುತ್ತಿದ್ದಳಲ್ಲ, ಅದೇ ಕೆಲಸ. ಡಾಕ್ಟರು ಏನೇ ಹೇಳಲಿ, ಇನ್ನೂ ಹೊತ್ತಿದೆ ಎಂದು ನನ್ನ ಸಿದ್ಧಾಂತ ಹೇಳುತ್ತಿತ್ತು, ಅದನ್ನು ನಂಬಿ ಹೋದೆ. ತಿರುಗಿ ಆಸ್ಪತ್ರೆಗೆ ಬಂದಾಗ ನೀನು ವರಾಂಡದಲ್ಲಿ ಫೋನಿನಲ್ಲಿದ್ದೆ. ನಾನು ಒಳಗೆ ಹೋಗಿ ಅವಳ ಕಿವಿಯ ಹತ್ತಿರ ಬಗ್ಗಿ ಮಾತಾಡಿದೆ. ಮದುವೆಯಾದ ದಿನದಿಂದ ನಾಳೆ ಹೇಳಿದರಾಯಿತು ಎಂದು ಇಟ್ಟುಕೊಂಡದ್ದೆಲ್ಲವನ್ನೂ ಹೇಳಿದೆ. ಅವಳಿಗೆ ಕೇಳಿಸಿತು ಎಂದುಕೊಂಡೇ ಇಷ್ಟು ದಿನ ಈ ಮನೆಯಲ್ಲಿ ಒಬ್ಬನೇ ಉಂಡೆ, ಮಲಗಿದೆ. ನಿನ್ನ ಮಾತಾದ ಮೇಲೆ ಆಡಿದ ಮಾತು ಅದು. ನಿನ್ನದು ಕೇಳಿಸಿಲ್ಲ ಎಂದರೆ ನನ್ನದೂ ಕೇಳಿಸಿಲ್ಲ, ಮಗಳೇ. ಇರಲಿ. ನೀನು ಊಟ ಮಾಡು.