ದಿಬ್ಬದ ಮೇಲಿನ ಗುಂಡಿ

ಪುರಸಭೆಯ ಅಧಿಕಾರಿಗಳಿಗೆ,

ಹೊಳೆದಂಡೆಯ ಸ್ಮಶಾನದಲ್ಲಿ ಗುಂಡಿ ತೋಡುವವನ ನಮಸ್ಕಾರ.

ಇಲ್ಲಿಯದು ನೆರೆ ತಂದ ಮೆಕ್ಕಲು ಮಣ್ಣು. ಹಿಟ್ಟಿನಷ್ಟು ನುಣುಪು, ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ. ಮೊಣಕಾಲುದ್ದ ಅಗೆದರೆ ಬೂದು ಬಣ್ಣ, ನಡುನಡುವೆ ತುಕ್ಕಿನಂಥ ಕಲೆ; ನೀರು ನಿಲ್ಲುವ ನೆಲದ ಗುರುತು. ಎರಡು ಅರ್ಜಿಗಳಲ್ಲಿ ಇದನ್ನೇ ಬರೆದು, ಎತ್ತರದ ಜಾಗ ಕೇಳಿದ್ದೆ.

ನಿನ್ನೆ, ತೀರಿಕೊಂಡ ನಮ್ಮೂರ ದರ್ಜಿಯಮ್ಮನಿಗೆ ತೋಡಿದ ಗುಂಡಿಯಲ್ಲಿ ಸೊಂಟದವರೆಗೆ ನೀರು ನಿಂತಿತು. ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದಷ್ಟೂ ಬದಿಗಳು ಕುಸಿದು ನೀರು ಮತ್ತೆ ಒಸರಿತು. ಅವರ ಮಗಳು ಇಣುಕಿ ನೋಡಿ, "ಅಣ್ಣಾ, ಅಮ್ಮನಿಗೆ ಥಂಡಿ ಅಂದ್ರೆ ಆಗ್ತಿರ್ಲಿಲ್ಲ. ಇದ್ರೊಳಗೆ ಹೇಗೆ ಇಳಿಸ್ಲಿ?" ಎಂದರು.

ಸ್ಮಶಾನದ ಪಕ್ಕ ಉದ್ಯಾನಕ್ಕೆಂದು ನೀವು ಕಾದಿಟ್ಟ ದಿಬ್ಬದ ಗೇಟಿನ ಬೀಗ ಮುರಿದು, ಅಲ್ಲಿ ಅವರನ್ನು ಮಣ್ಣು ಮಾಡಿದೆ.

ನನ್ನನ್ನು ಕೆಲಸದಿಂದ ತೆಗೆಯಿರಿ, ತಕರಾರಿಲ್ಲ. ಅವರನ್ನು ಮಾತ್ರ ಅಲ್ಲಿಂದ ಎತ್ತಿಸಬೇಡಿ.

ಇಂತಿ,
ಹದಿನೆಂಟು ವರ್ಷಗಳಿಂದ ತಮ್ಮ ಕೈಕೆಳಗಿರುವವನು